ಅವತಾರಕ್ಕೆ ಇಳಕಲ್ ಸೀರೆ: ಟೆಕ್ಸಾಸ್‌ನಲ್ಲೊಂದು ಗಣಕ ಹೊಲಿಗೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರ ಉದ್ಯೋಗಗಳ ಬಗ್ಗೆ ಊರಿನ ಬಂಧುಗಳಿಗೆ ಒಂದು ಅಂದಾಜು ಇದ್ದೇ ಇರುತ್ತದೆ. ಹ್ಯೂಸ್ಟನ್ ಎಂದರೆ ತೈಲ, ಆಸ್ಪತ್ರೆ ಮತ್ತು ನಾಸಾ. ಡಾಲಸ್ ಎಂದರೆ ದೂರಸಂಪರ್ಕ ಮತ್ತು ಬ್ಯಾಂಕು. ಆಸ್ಟಿನ್ ಎಂದರೆ ಚಿಪ್ ಮತ್ತು ಸಾಫ್ಟ್‌ವೇರ್. ಪತಿಯ ಉದ್ಯೋಗದ ನಿಮಿತ್ತ ಈ ಮೂರೂ ನಗರಗಳಲ್ಲಿ ಒಂದೊಂದು ಅವಧಿ ಬಾಳಿದ ನಾನು ಮಾಡುವ ಕೆಲಸವನ್ನು ಮಾತ್ರ ಧಾರವಾಡದಲ್ಲಿರುವ ನನ್ನ ಅತ್ತೆಯವರಿಗೆ ತಿಳಿಸಿಹೇಳಲು ಬಹಳ ದಿನ ಬೇಕಾಯಿತು. ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಬದುಕುವ ಮನುಷ್ಯಾಕೃತಿಗಳಿಗೆ ನಾನು ಬಟ್ಟೆ ಹೊಲಿಯುತ್ತೇನೆ. ಅವುಗಳ ಒಡವೆ, ಕತ್ತಿ, ತಂಬಿಗೆಗಳನ್ನೂ ಮಾಡುತ್ತೇನೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವರು, "ಹಂಗಾರ ನೀ ಗೊಂಬಿಗೆ ಅರಿವಿ ಹೊಲೀತಿ" ಎಂದರು. ನನ್ನ ವೃತ್ತಿಗೆ ಇದಕ್ಕಿಂತ ಸರಳವಾದ ವಿವರಣೆಯನ್ನು ನಾನು ಇಂದಿಗೂ ಕಂಡಿಲ್ಲ.

ಈ ಲೇಖನಕ್ಕೆ ಕಾರಣ ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನ ಮಗಳು. ಪದವಿ ಮುಗಿಸಿದ ಆಕೆ ಕೆಲವು ತಿಂಗಳ ಹಿಂದೆ, "ಅತ್ತೀ, ನಿನ್ನಂಗ ಕೆಲಸಾ ಮಾಡಬೇಕಂದ್ರ ಯಾವ ಸಾಫ್ಟ್‌ವೇರ್ ಕಲೀಬೇಕು?" ಎಂದು ಕೇಳಿದಳು. ಪ್ರಶ್ನೆ ಸಣ್ಣದು. ಆದರೆ ಅದರ ಹಿಂದೆ ನನ್ನ ಅಣ್ಣ ಶಿಕ್ಷಣ ಸಾಲಕ್ಕಾಗಿ ಹೊಲದ ಪತ್ರಗಳನ್ನು ಹೊರತೆಗೆದು ಇಟ್ಟಿದ್ದಾನೆಂಬ ಸಂಗತಿಯೂ ಇತ್ತು. ಸಾಫ್ಟ್‌ವೇರ್‌ನ ಆಯ್ಕೆ, ವಿದ್ಯಾಭ್ಯಾಸದ ಆಯ್ಕೆ, ವೀಸಾದ ನಿಯಮ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಅವಳಿಗೆ ಬರೆದ ಉತ್ತರವನ್ನೇ ಅದೇ ದಾರಿಯಲ್ಲಿ ಯೋಚಿಸುತ್ತಿರುವ ಇತರ ಮಕ್ಕಳಿಗೂ ಅವರ ಹೆತ್ತವರಿಗೂ ಉಪಯೋಗವಾಗಲೆಂದು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವತಾರ ಎಂಬ ನಮ್ಮದೇ ಪದ

ಗಣಕಲೋಕದ ಮನುಷ್ಯಾಕೃತಿಗೆ ಇಂದು ಜಗತ್ತೆಲ್ಲ ಬಳಸುವ ಹೆಸರು ಅವತಾರ. ಈ ಪದವು ಆಟಗಳ ಲೋಕದಲ್ಲಿ ಮನೆಮಾತಾಗಲು ಟೆಕ್ಸಾಸ್‌ನ ಕೊಡುಗೆ ದೊಡ್ಡದು. ಹ್ಯೂಸ್ಟನ್‌ನ ನಾಸಾ ಕೇಂದ್ರದ ಪಕ್ಕದ ನಸ್ಸೌ ಬೇ ಎಂಬ ಪುಟ್ಟ ಊರಿನಲ್ಲಿ ಬೆಳೆದ ರಿಚರ್ಡ್ ಗ್ಯಾರಿಯಟ್, ಗಗನಯಾತ್ರಿ ಓವೆನ್ ಗ್ಯಾರಿಯಟ್ ಅವರ ಮಗ. ಅವರು 1983ರಲ್ಲಿ ಆರಂಭಿಸಿದ ಒರಿಜಿನ್ ಸಿಸ್ಟಮ್ಸ್ ಸಂಸ್ಥೆ ಮುಂದೆ ಆಸ್ಟಿನ್‌ನಲ್ಲಿ ನೆಲೆಯೂರಿತು. ಆ ಸಂಸ್ಥೆ 1985ರಲ್ಲಿ ಹೊರತಂದ 'ಅಲ್ಟಿಮಾ' ಸರಣಿಯ ನಾಲ್ಕನೆಯ ಆಟದ ಹೆಸರಿನಲ್ಲಿಯೇ ಅವತಾರ ಪದವಿತ್ತು. ಆಟಗಾರನು ಆ ಲೋಕದೊಳಗೆ ಇಳಿದುಬಂದು ಸದ್ಗುಣಗಳನ್ನು ಸಾಧಿಸಬೇಕೆಂಬುದು ಅದರ ಆಶಯ. ಭಾರತೀಯ ಪರಿಕಲ್ಪನೆಯಿಂದಲೇ ಆ ಪದವನ್ನು ಪಡೆದುದಾಗಿ ಗ್ಯಾರಿಯಟ್ ಹೇಳಿದ್ದಾರೆ.

ಡಾಲಸ್ ಸುತ್ತಮುತ್ತಲಿನ ಕಥೆಯೂ ಸ್ವಾರಸ್ಯಕರ. ಡಾಲಸ್‌ಗೆ ಹತ್ತಿರದ ಮೆಸ್ಕೀಟ್ ಪಟ್ಟಣದಿಂದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರಲ್ಲಿ 'ಡೂಮ್' ಆಟವನ್ನೂ 1996ರಲ್ಲಿ 'ಕ್ವೇಕ್' ಆಟವನ್ನೂ ಹೊರತಂದಿತು. ಕ್ವೇಕ್‌ನ ಪಾತ್ರಗಳು ಪಾಲಿಗಾನ್‌ಗಳಿಂದ, ಎಂದರೆ ಸಣ್ಣ ಸಣ್ಣ ಚಪ್ಪಟೆ ಮುಖಗಳಿಂದ ಕಟ್ಟಿದ ಮೂರು ಆಯಾಮದ ಆಕೃತಿಗಳಾಗಿದ್ದವು. ಅವುಗಳ ಮೇಲ್ಮೈಗೆ ತಮ್ಮದೇ ಬಣ್ಣದ ವೇಷ ಬರೆದು ತೊಡಿಸುವ ಹವ್ಯಾಸಿಗಳು ಲೋಕದ ಎಲ್ಲೆಡೆ ಹುಟ್ಟಿಕೊಂಡರು. ಇಂದು ಪ್ಲೇನೋ, ಫ್ರಿಸ್ಕೋ, ರಿಚರ್ಡ್‌ಸನ್ ಪಟ್ಟಣಗಳಲ್ಲಿ ಸಾವಿರಾರು ಕನ್ನಡ ಕುಟುಂಬಗಳ ವಾಸ. ಆ ಬೀದಿಗಳ ಆಸುಪಾಸಿನಲ್ಲಿಯೇ ಆಟದ ಪಾತ್ರಗಳಿಗೆ ವೇಷ ಕಟ್ಟುವ ಕಚೇರಿಗಳಿವೆ ಎಂಬುದು ಇಲ್ಲಿಯ ಹಲವರಿಗೇ ತಿಳಿಯದು.

ಇಷ್ಟಾದರೂ ಈ ಅವತಾರಗಳಿಗೆ ನಮ್ಮ ಕಡೆಯ ಉಡುಪು ದೊರೆಯುವುದು ಅಪರೂಪ. ಮಾರುಕಟ್ಟೆಯಲ್ಲಿ 'ಭಾರತೀಯ ಸೀರೆ' ಎಂಬ ಹೆಸರಿನಲ್ಲಿ ನಾನು ಕಂಡ ಹಲವು ಮಾದರಿಗಳು ಒಂದು ಲಂಗ, ಒಂದು ರವಿಕೆ ಮತ್ತು ಹೆಗಲಿಗೆ ಅಂಟಿಸಿದ ಒಂದು ಪಟ್ಟಿ ಮಾತ್ರ. ನೆರಿಗೆ ಎಲ್ಲಿಂದ ಹುಟ್ಟುತ್ತದೆ, ಸೆರಗು ಎಲ್ಲಿಂದ ಬರುತ್ತದೆ ಎಂಬುದು ಅವುಗಳನ್ನು ಮಾಡಿದವರಿಗೆ ಗೊತ್ತಿರಲಿಲ್ಲವೆಂದು ನೋಡಿದೊಡನೆ ತಿಳಿಯುತ್ತದೆ. 2024ರಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿದಾಗ, ನಮ್ಮ ಬಡಾವಣೆಯ ಕನ್ನಡ ತರಗತಿಯ ಮಕ್ಕಳಿಗಾಗಿ ರಾಣಿ ಚೆನ್ನಮ್ಮನ ಗಣಕಾಕೃತಿಯೊಂದನ್ನು ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಯಾವ ಸಾಫ್ಟ್‌ವೇರ್ ಯಾವ ಕೆಲಸಕ್ಕೆ ಎಂಬುದನ್ನು ವಿವರಿಸಲು ಆ ಒಂದು ಆಕೃತಿಯೇ ಸಾಕು.

ಮೊದಲು ದೇಹ, ಆಮೇಲೆ ಬಟ್ಟೆ

ದರ್ಜಿಯು ಮೊದಲು ಅಳತೆ ತೆಗೆಯುವಂತೆ, ಇಲ್ಲಿಯೂ ಬಟ್ಟೆಯ ಸಾಫ್ಟ್‌ವೇರ್ ಆರಿಸುವುದಕ್ಕಿಂತ ಮೊದಲು ಬಟ್ಟೆ ಯಾವ ದೇಹಕ್ಕೆ ಎಂಬುದು ನಿಶ್ಚಯವಾಗಬೇಕು. ಸಿದ್ಧ ಮನುಷ್ಯಾಕೃತಿಗಳ ಪರಂಪರೆ ಆರಂಭವಾದದ್ದು 1995ರಲ್ಲಿ ಬಂದ ಪೋಸರ್ ಎಂಬ ಸಾಫ್ಟ್‌ವೇರ್‌ನಿಂದ. ಚಿತ್ರಕಾರರು ಭಂಗಿಗಳನ್ನು ಅಭ್ಯಾಸ ಮಾಡಲು ಇಟ್ಟುಕೊಳ್ಳುವ ಮರದ ಗೊಂಬೆಗೆ ಬದಲಾಗಿ ಲ್ಯಾರಿ ವೈನ್‌ಬರ್ಗ್ ಅವರು ಅದನ್ನು ರೂಪಿಸಿದರು. ಅನಂತರ ಬಂದ ಡಾಜ್ ಸ್ಟುಡಿಯೋ ಉಚಿತವಾಗಿ ದೊರೆಯುತ್ತದೆ. ಅದರ ಸಂಸ್ಥೆಗೆ ಆದಾಯ ಬರುವುದು ಆಕೃತಿ ಮತ್ತು ಉಡುಪುಗಳ ಮಾರಾಟದಿಂದ. ಅದರ ಜೆನೆಸಿಸ್ ಸರಣಿಯಲ್ಲಿ ಜೆನೆಸಿಸ್ 8 ಎಂಬ ಪೀಳಿಗೆ 2017ರಲ್ಲಿ, ಜೆನೆಸಿಸ್ 9 ಎಂಬುದು 2022ರಲ್ಲಿ ಬಂದಿತು.

ಒಂದು ಪೀಳಿಗೆಯ ದೇಹಕ್ಕೆ ಹೊಲಿದ ಬಟ್ಟೆ ಮತ್ತೊಂದಕ್ಕೆ ಹಾಗೆಯೇ ಹೊಂದುವುದಿಲ್ಲ. ಹೊಂದಿಸುವ ಉಪಕರಣಗಳಿವೆ, ಆದರೆ ನೆರಿಗೆಯ ಬಟ್ಟೆಯನ್ನು ಅವು ಹಿಂಡಿ ಹಿಪ್ಪೆ ಮಾಡುತ್ತವೆ. ಆದ್ದರಿಂದ ಕೊಳ್ಳುವವರು ಇಂದು ಯಾವ ದೇಹವನ್ನು ಬಳಸುತ್ತಿದ್ದಾರೆ ಎಂದು ನೋಡಿಯೇ ಕೆಲಸಕ್ಕೆ ಕೈಹಾಕಬೇಕು.

ಅಳತೆಯ ಮಾನವೂ ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು. ಡಾಜ್ ಸ್ಟುಡಿಯೋದ ಮೂಲಮಾನ ಸೆಂಟಿಮೀಟರ್, ಬ್ಲೆಂಡರ್‌ನದು ಮೀಟರ್. ಮಾನ ಹೊಂದಿಸದೆ ಕಡತ ಕಳುಹಿಸಿದರೆ ರವಿಕೆಯೊಂದು ನೂರು ಪಟ್ಟು ದೊಡ್ಡದಾಗಿ ಗೋಳಗುಮ್ಮಟದಷ್ಟು ಎತ್ತರಕ್ಕೆ ನಿಲ್ಲುತ್ತದೆ, ಇಲ್ಲವೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಿಮ್ಮಡಿಯ ಬಳಿ ಬಿದ್ದಿರುತ್ತದೆ. ಹೊಸಬರು ಸಾಫ್ಟ್‌ವೇರ್ ಕೆಟ್ಟಿದೆಯೆಂದು ಕೈಬಿಡುವ ಪ್ರಸಂಗಗಳಲ್ಲಿ ಅನೇಕವು ಇಷ್ಟಕ್ಕೇ ಸಂಬಂಧಿಸಿರುತ್ತವೆ.

ಹೊಲಿಗೆಯ ಎರಡು ಮಾರ್ಗಗಳು

ಬಟ್ಟೆ ಮಾಡಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ದರ್ಜಿಯ ಮಾರ್ಗ. ದಕ್ಷಿಣ ಕೊರಿಯಾದ ಕ್ಲೋ ಸಂಸ್ಥೆಯ ಮಾರ್ವೆಲಸ್ ಡಿಸೈನರ್‌ನಲ್ಲಿ ನಾವು ಕಾಗದದ ಮೇಲೆ ಕತ್ತರಿಸುವಂತೆಯೇ ಚಪ್ಪಟೆ ತುಂಡುಗಳನ್ನು ಬರೆಯುತ್ತೇವೆ. ಯಾವ ಅಂಚಿಗೆ ಯಾವ ಅಂಚು ಹೊಲಿಯಬೇಕೆಂದು ಗುರುತಿಸುತ್ತೇವೆ. ಗುಂಡಿ ಒತ್ತಿದಾಗ ಬಟ್ಟೆ ದೇಹದ ಮೇಲೆ ಬಿದ್ದು ತನ್ನ ತೂಕಕ್ಕೆ ತಕ್ಕಂತೆ ಜೋತುಬೀಳುತ್ತದೆ. ರೇಷ್ಮೆಗೆ ರೇಷ್ಮೆಯ ಜಾರು, ಖಾದಿಗೆ ಖಾದಿಯ ಬಿಗುಪು. ಹೊಲಿಗೆ ತರಗತಿಗೆ ಹೋಗಿ ಬಂದ ನಮ್ಮ ಊರಿನ ಯಾವ ಹೆಣ್ಣುಮಗಳಿಗೂ ಇದು ಅರ್ಧ ಗೊತ್ತಿರುವ ವಿದ್ಯೆ.

ಎರಡನೆಯದು ಶಿಲ್ಪಿಯ ಮಾರ್ಗ. ಬ್ಲೆಂಡರ್, ಮಾಯಾ, ತ್ರೀಡಿಎಸ್ ಮ್ಯಾಕ್ಸ್‌ಗಳಲ್ಲಿ ಚೌಕಗಳ ಜಾಲವನ್ನು ದೇಹದ ಸುತ್ತ ಕೈಯಾರೆ ಕಟ್ಟುತ್ತೇವೆ. ಒರಟು ಜಾಲವನ್ನು ನಯಗೊಳಿಸುವ ಗಣಿತವನ್ನು 1978ರಲ್ಲಿ ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಪ್ರಕಟಿಸಿದರು. ಕ್ಲಾರ್ಕ್ ಅವರೂ ಟೆಕ್ಸಾಸ್‌ನ ಪ್ಲೇನ್‌ವ್ಯೂ ಊರಿನವರೇ. ಈ ಗಣಿತಕ್ಕೆ ನಾಲ್ಕು ಬದಿಯ ಮುಖಗಳು ಹಿತ, ತ್ರಿಕೋನಗಳು ಅಹಿತ. ಮೊಣಕೈ, ಮಂಡಿ ಮಡಿಯುವ ಕಡೆ ಗೆರೆಗಳು ಬಳೆಗಳಂತೆ ಸುತ್ತುವರಿದಿದ್ದರೆ ತೋಳು ಬಾಗಿದಾಗ ಬಟ್ಟೆ ಸರಿಯಾಗಿ ಮಡಿಯುತ್ತದೆ. ಜೀಬ್ರಶ್‌ನಂಥ ಸಾಫ್ಟ್‌ವೇರ್‌ಗಳು ಈ ಮಾರ್ಗದ ಮುಂದುವರಿಕೆ. ಜೇಡಿಮಣ್ಣಿನಂತೆ ಒತ್ತಿ ತೀಡಿ ಸೂಕ್ಷ್ಮ ಸುಕ್ಕುಗಳನ್ನು ಮೂಡಿಸಲು ಅವು ಅನುಕೂಲ.

ಚೆನ್ನಮ್ಮನ ಕುಪ್ಪಸವನ್ನು ನಾನು ಬ್ಲೆಂಡರ್‌ನಲ್ಲಿ ಮಾಡಿದೆ. ಮೈಗೆ ಬಿಗಿಯಾಗಿ ಕೂರುವ ಉಡುಪಿಗೆ ಜೋತುಬೀಳುವ ಲೆಕ್ಕಾಚಾರ ಬೇಡ. ಗುಳೇದಗುಡ್ಡ ಖಣದ ನೇಯ್ಗೆಯನ್ನು ಚಿತ್ರವಾಗಿ ಮೇಲ್ಮೈಗೆ ಹೊದಿಸಿದರೆ ಸಾಕು. ಇಲ್ಲಿ ಒಂದು ಎಚ್ಚರ ಅಗತ್ಯ. ಕೆಲವರು ಆಕೃತಿಯ ಚರ್ಮದ ಜಾಲವನ್ನೇ ನಕಲಿಸಿ, ಸ್ವಲ್ಪ ಹೊರಕ್ಕೆ ಉಬ್ಬಿಸಿ ಅದನ್ನೇ ಕುಪ್ಪಸವೆನ್ನುತ್ತಾರೆ. ಸ್ವಂತ ಅಭ್ಯಾಸಕ್ಕೆ ಅದು ಸುಲಭ ಮಾರ್ಗ. ಮಾರುವಾಗ ಮಾತ್ರ ಬೇರೆಯವರ ಸ್ವತ್ತನ್ನು ಮಾರಿದಂತಾಗುತ್ತದೆ. ಹೊಸ ಜಾಲವನ್ನು ಹೊಸದಾಗಿಯೇ ಕಟ್ಟಬೇಕು.

ಸೀರೆಗೆ ಮಾತ್ರ ದರ್ಜಿಯ ಮಾರ್ಗವೇ ಸರಿ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಯೆಂದರೆ ಸುಮಾರು 8.2 ಮೀಟರ್ ಉದ್ದ, 1.2 ಮೀಟರ್ ಅಗಲದ ಒಂದೇ ಆಯತ, ಹೊಲಿಗೆಯೇ ಇಲ್ಲ. ಸಾಫ್ಟ್‌ವೇರ್ ಈ ಆಯತವನ್ನು ಬಿಂದುಗಳಾಗಿ ಒಡೆದು ಒಂದೊಂದು ಬಿಂದುವಿನ ಚಲನೆಯನ್ನೂ ಲೆಕ್ಕ ಹಾಕುತ್ತದೆ. ಬಿಂದುಗಳ ನಡುವೆ 20 ಮಿಲಿಮೀಟರ್ ಅಂತರವಿಟ್ಟರೆ ಸುಮಾರು 24 ಸಾವಿರ ಬಿಂದುಗಳಾಗುತ್ತವೆ. ಸಣ್ಣ ನೆರಿಗೆ ಕಾಣಬೇಕೆಂದು ಅಂತರವನ್ನು 5 ಮಿಲಿಮೀಟರ್‌ಗೆ ಇಳಿಸಿದರೆ ಅದು ಹದಿನಾರು ಪಟ್ಟು ಬೆಳೆದು ನಾಲ್ಕು ಲಕ್ಷದ ಸಮೀಪಕ್ಕೆ ಬರುತ್ತದೆ. ಆದ್ದರಿಂದ ಮೊದಲು ದೊಡ್ಡ ಅಂತರದಲ್ಲಿ ಉಡಿಸಿ, ಎಲ್ಲವೂ ಸರಿಯಾಗಿ ಕೂತ ಮೇಲೆ ಕೊನೆಗೆ ಸೂಕ್ಷ್ಮಗೊಳಿಸಬೇಕು. ನನ್ನ ಹಳೆಯ ಕಂಪ್ಯೂಟರ್‌ನಲ್ಲಿ ಆ ಕೊನೆಯ ಹಂತವನ್ನು ರಾತ್ರಿ ಮಲಗುವ ಮುನ್ನ ಆರಂಭಿಸುತ್ತಿದ್ದೆ.

ಕಷ್ಟದ ಸಂಗತಿಯೆಂದರೆ ಗಣಕಾಕೃತಿಗೆ ಸೀರೆ ಉಟ್ಟುಕೊಳ್ಳುವ ಕೈಗಳಿಲ್ಲ. ನಾವು ಬೆರಳುಗಳ ನಡುವೆ ಹಿಡಿಯುವ ನೆರಿಗೆಗಳನ್ನು ಅಲ್ಲಿ ಮಡಿಕೆಯ ಗೆರೆಗಳಾಗಿ ಮೊದಲೇ ಬರೆದು, ಒಂದೊಂದಕ್ಕೂ ಎಷ್ಟು ಕೋನದಲ್ಲಿ ಮಡಿಯಬೇಕೆಂದು ಹೇಳಿ, ಸೊಂಟದ ಬಳಿ ಗುಂಡುಸೂಜಿ ಚುಚ್ಚಿದಂತೆ ನಿಲ್ಲಿಸಬೇಕು. ಅದಕ್ಕೆ ಉಡುವ ಕ್ರಮ ಚೆನ್ನಾಗಿ ತಿಳಿದಿರಬೇಕು. 2018ರಲ್ಲಿ ಡಾಲಸ್‌ನಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಬಾಗಲಕೋಟೆ ಕಡೆಯ ಹಿರಿಯರೊಬ್ಬರು ನನಗೆ ಕಚ್ಚೆಯ ಕ್ರಮವನ್ನು ನಿಧಾನವಾಗಿ ತೋರಿಸಿಕೊಟ್ಟಿದ್ದರು. ಸೊಂಟಕ್ಕೆ ಬಿಗಿದು ಗಂಟು ಹಾಕುವುದು, ಮುಂದೆ ನೆರಿಗೆ ಹಿಡಿಯುವುದು, ಅದರ ಅಂಚನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು ಸಿಕ್ಕಿಸುವುದು. ಅಂದು ಬರೆದುಕೊಂಡ ಟಿಪ್ಪಣಿಯೇ ಆರು ವರ್ಷಗಳ ಬಳಿಕ ನನಗೆ ಕೈಪಿಡಿಯಾಯಿತು.

ಉಡಿಸಿದ ಸೀರೆ ದೇಹದೊಂದಿಗೆ ನಡೆಯಬೇಕಾದರೆ ಅದನ್ನು ಆಕೃತಿಯ ಎಲುಬುಗಳಿಗೆ ಕಟ್ಟಬೇಕು. ಇದಕ್ಕೆ ರಿಗ್ ಮಾಡುವುದೆನ್ನುತ್ತಾರೆ. ಬಟ್ಟೆಯ ಒಂದೊಂದು ಬಿಂದುವನ್ನೂ ಅದಕ್ಕೆ ಹತ್ತಿರದ ಎಲುಬಿಗೆ ಉಪಕರಣವೇ ಜೋಡಿಸುತ್ತದೆ. ಲಂಗಕ್ಕೆ ಅದು ಹೇಗೋ ನಡೆಯುತ್ತದೆ, ಕಚ್ಚೆಗೆ ನಡೆಯುವುದಿಲ್ಲ. ಕಾಲುಗಳ ನಡುವಿನ ಬಟ್ಟೆಯ ಅರ್ಧ ಭಾಗ ಎಡತೊಡೆಯನ್ನೂ ಇನ್ನರ್ಧ ಬಲತೊಡೆಯನ್ನೂ ಹಿಂಬಾಲಿಸಿ, ಹೆಜ್ಜೆ ಇಟ್ಟೊಡನೆ ಸೀರೆ ಸೀಳಿಹೋಗುತ್ತದೆ. ಆ ಭಾಗದ ಬಿಂದುಗಳು ಎರಡೂ ತೊಡೆಗಳ ಮಾತನ್ನು ಸಮಸಮವಾಗಿ ಕೇಳುವಂತೆ ಕೈಯಿಂದಲೇ ತಿದ್ದಬೇಕು. ಚೆನ್ನಮ್ಮ ಕುದುರೆ ಏರಬೇಕಿತ್ತು. ಆದ್ದರಿಂದ ಒಟ್ಟು ಕೆಲಸದಲ್ಲಿ ಹೆಚ್ಚಿನ ದಿನಗಳು ಈ ತಿದ್ದುಪಡಿಗೇ ಸಂದವು.

ಇಳಕಲ್ ಸೀರೆಯ ಹತ್ತಿಯ ಮೈಗೂ ರೇಷ್ಮೆಯ ಸೆರಗಿಗೂ ಕೊಂಡಿ ಹಾಕಿ ಬೆಸೆಯುವುದು ನೇಕಾರರ ವೈಶಿಷ್ಟ್ಯ. ಹಾಗಾಗಿ ನಾನು ಮೈ ಮತ್ತು ಸೆರಗನ್ನು ಎರಡು ತುಂಡುಗಳಾಗಿಸಿ ಎರಡಕ್ಕೂ ಬೇರೆ ಬೇರೆ ತೂಕ ಮತ್ತು ಹೊಳಪು ಕೊಟ್ಟೆ. ಟೋಪ್ ತೆನಿ ಸೆರಗಿನ ಬಿಳಿ–ಕೆಂಪು ವಿನ್ಯಾಸವನ್ನೂ ದಡಿಯ ಕಸೂತಿಯನ್ನೂ ಕ್ರಿಟಾ ಎಂಬ ಉಚಿತ ಚಿತ್ರ ಸಾಫ್ಟ್‌ವೇರ್‌ನಲ್ಲಿ ಬರೆದೆ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಪರದೆಯ ಚಿತ್ರವೂ ಎಣಿಸಬಹುದಾದ ಚುಕ್ಕಿಗಳ ಜಾಲವೇ ಆದುದರಿಂದ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳು ಒಂದೆಳೆಗೆ ಒಂದು ಚುಕ್ಕಿಯಂತೆ ಅಲ್ಲಿ ನೇರವಾಗಿ ಇಳಿಯುತ್ತವೆ. ನಮ್ಮ ಅಜ್ಜಿಯರ ಕಸೂತಿ ಪಟ್ಟಿಯನ್ನು ಹಾಗೆಯೇ ನೋಡಿ ಬರೆಯಬಹುದು.

ಚೆನ್ನಮ್ಮ ಬಾಳಿದ್ದ ಕಾಲದ ಛಾಯಾಚಿತ್ರ ಇರಲು ಸಾಧ್ಯವಿಲ್ಲ. ಆದ್ದರಿಂದ ಈ ಉಡುಪು ನಮ್ಮ ಊಹೆಯೆಂದೂ, ಸೀರೆಯ ನೇಯ್ಗೆ ಮತ್ತು ಕಸೂತಿ ಮಾತ್ರ ನಿಜವಾದ ವಸ್ತುಗಳನ್ನು ನೋಡಿ ಮಾಡಿದವೆಂದೂ ಮಕ್ಕಳಿಗೆ ತಿಳಿಸಿದೆವು.

ಕತ್ತಿ, ಗುರಾಣಿ, ತಂಬಿಗೆ

ಬಟ್ಟೆಯಲ್ಲದ ಗಟ್ಟಿ ವಸ್ತುಗಳ ವಿಷಯದಲ್ಲಿ ಹ್ಯೂಸ್ಟನ್ ನನ್ನ ಮೊದಲ ಪಾಠಶಾಲೆ. ನಾಸಾ ಸಂಸ್ಥೆಯು ಉಪಗ್ರಹ, ನೌಕೆ, ಉಪಕರಣಗಳ ಮೂರು ಆಯಾಮದ ಮಾದರಿಗಳನ್ನು ಉಚಿತವಾಗಿ ಸಾರ್ವಜನಿಕರಿಗೆ ಒದಗಿಸಿದೆ. ಅವುಗಳನ್ನು ಬಿಚ್ಚಿ ನೋಡುತ್ತಾ ಒಂದು ಕೀಲು, ಒಂದು ಮುಚ್ಚಳ, ಒಂದು ಹಿಡಿಕೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಕಲಿತೆ. ಗಗನಯಾತ್ರಿಯ ಉಡುಪು ಬಟ್ಟೆಯೂ ಹೌದು, ಯಂತ್ರವೂ ಹೌದು. ಬಾಹ್ಯಾಕಾಶ ನಡಿಗೆಗೆ ನಾಸಾ ಬಳಸುವ ಉಡುಪಿನಲ್ಲಿ 14 ಪದರಗಳಿವೆ. ಹ್ಯೂಸ್ಟನ್‌ನ ಆಕ್ಸಿಯಮ್ ಸ್ಪೇಸ್ ಸಂಸ್ಥೆ ಚಂದ್ರಯಾನಕ್ಕಾಗಿ ರೂಪಿಸುತ್ತಿರುವ ಹೊಸ ಉಡುಪಿಗೆ ಇಟಲಿಯ ವಸ್ತ್ರವಿನ್ಯಾಸ ಸಂಸ್ಥೆ ಪ್ರಾಡಾ ಜತೆಗೂಡಿದೆಯೆಂಬುದು 2023ರಲ್ಲಿ ಪ್ರಕಟವಾಯಿತು. ಹೊಲಿಗೆಯ ವಿದ್ಯೆಗೆ ಎಲ್ಲೆಲ್ಲಿ ಸ್ಥಾನವುಂಟು ಎಂಬುದಕ್ಕೆ ಇದೊಂದು ನಿದರ್ಶನ.

ಎಂಜಿನಿಯರಿಂಗ್ ಓದಿದ ಮಕ್ಕಳು ಸಾಮಾನ್ಯವಾಗಿ ಫ್ಯೂಷನ್, ಸಾಲಿಡ್‌ವರ್ಕ್ಸ್ ಮುಂತಾದ ಯಂತ್ರವಿನ್ಯಾಸದ ಸಾಫ್ಟ್‌ವೇರ್ ಬಲ್ಲವರಾಗಿರುತ್ತಾರೆ. ಅವುಗಳಲ್ಲಿ ತಂಬಿಗೆಯನ್ನೋ ಕತ್ತಿಯನ್ನೋ ನಿಖರ ಅಳತೆಯಲ್ಲಿ ಬೇಗ ಮಾಡಬಹುದು. ಆದರೆ ಅವು ಗಣಿತದ ವಕ್ರರೇಖೆಗಳಲ್ಲಿ ಯೋಚಿಸುತ್ತವೆ. ಪಾಲಿಗಾನ್‌ಗಳಾಗಿ ಪರಿವರ್ತಿಸಿದಾಗ ಉದ್ದುದ್ದನೆಯ ಚೂಪು ತ್ರಿಕೋನಗಳು ರಾಶಿಯಾಗಿ ಬೀಳುತ್ತವೆ. ತ್ರೀಡಿ ಮುದ್ರಣಕ್ಕೆ ಅಡ್ಡಿಯಿಲ್ಲ. ಆಟದ ಪಾತ್ರದ ಕೈಗೆ ಕೊಡಬೇಕಾದರೆ ಮತ್ತೆ ಕಟ್ಟಬೇಕಾಗುತ್ತದೆ. ಕತ್ತಿ, ಗುರಾಣಿ, ಕುದುರೆಯ ಜೀನುಗಳನ್ನು ನಾನು ಬ್ಲೆಂಡರ್‌ನಲ್ಲಿಯೇ ಮಾಡಿದೆ. ವಸ್ತುವಿನ ಅಂಚುಗಳನ್ನು ಕೂದಲೆಳೆಯಷ್ಟು ಉಜ್ಜಿ ದುಂಡಗೆ ಮಾಡಿದರೆ ಬೆಳಕು ಅಲ್ಲಿ ಹೊಳೆದು ಲೋಹವೆಂಬ ಭಾವ ಬರುತ್ತದೆ. ನಿಜವಾದ ಹಿತ್ತಾಳೆಯ ತಂಬಿಗೆಯಲ್ಲಿ ಕತ್ತಿಯಂಥ ಅಂಚು ಎಲ್ಲಿಯೂ ಇರುವುದಿಲ್ಲ.

ಮುಚ್ಚಿಹೋಗುವ ಅಂಗಡಿಗಳು

ಸಾಫ್ಟ್‌ವೇರ್‌ನ ಬೆಲೆಗಿಂತ ಅದರ ಆಯುಸ್ಸನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಒಂದು ಕಾಲದಲ್ಲಿ ಚಲನಚಿತ್ರ ಲೋಕದಲ್ಲಿ ಮೆರೆದ ಸಾಫ್ಟಿಮೇಜ್ ಅನ್ನು ನಿಲ್ಲಿಸುವುದಾಗಿ ಅದರ ಒಡೆತನದ ಸಂಸ್ಥೆ 2014ರಲ್ಲಿ ಘೋಷಿಸಿತು. ಗಟ್ಟಿ ವಸ್ತುಗಳ ಮಾಡೆಲಿಂಗ್‌ಗೆ ಹೆಸರಾಗಿದ್ದ ಮೋಡೋದ ಅಭಿವೃದ್ಧಿ 2024ರ ಕೊನೆಯಲ್ಲಿ ನಿಂತಿತು. ಹತ್ತು ವರ್ಷ ಕೈಪಳಗಿಸಿದವರು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಯಿತು. ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಮತ್ತೊಂದು ತೊಡಕಿದೆ. ಚಂದಾ ನಿಲ್ಲಿಸಿದ ತಿಂಗಳೇ ನಮ್ಮದೇ ಹಳೆಯ ಕಡತಗಳನ್ನು ತೆರೆಯುವ ಕೀಲಿ ಕೈತಪ್ಪಿಹೋಗಬಹುದು. ಅದಕ್ಕಾಗಿ ಪ್ರತಿಯೊಂದು ಕೆಲಸವನ್ನೂ ಓಬಿಜೆ, ಎಫ್‌ಬಿಎಕ್ಸ್ ಮುಂತಾದ, ಹೆಚ್ಚಿನ ಸಾಫ್ಟ್‌ವೇರ್‌ಗಳು ಓದಬಲ್ಲ ರೂಪದಲ್ಲಿ ಒಂದು ಪ್ರತಿ ಉಳಿಸಿಕೊಳ್ಳುವುದು ಕ್ಷೇಮ.

ಬ್ಲೆಂಡರ್‌ನ ಕಥೆ ಇದಕ್ಕೆ ವಿರುದ್ಧವಾದುದು. ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ ನೆದರ್‌ಲ್ಯಾಂಡ್ಸ್‌ನ ಟಾನ್ ರೂಸೆಂಡಾಲ್ 2002ರಲ್ಲಿ ಬಳಕೆದಾರರಿಂದಲೇ ಒಂದು ಲಕ್ಷ ಯೂರೋ ಕೂಡಿಸಿ ಅದರ ಮೂಲಸಂಹಿತೆಯನ್ನು ಬಿಡಿಸಿ ಸಾರ್ವಜನಿಕರಿಗೆ ತೆರೆದಿಟ್ಟರು. ಅದರಲ್ಲಿ ನಾವು ಮಾಡಿದ ಕೃತಿಯ ಹಕ್ಕು ನಮ್ಮದೇ. 2025ರಲ್ಲಿ ಆಸ್ಕರ್ ಪಡೆದ 'ಫ್ಲೋ' ಅನಿಮೇಷನ್ ಚಿತ್ರವು ಬ್ಲೆಂಡರ್‌ನಲ್ಲಿಯೇ ತಯಾರಾದದ್ದು. ಉಚಿತವಾದುದು ಹವ್ಯಾಸಿಗಳಿಗಷ್ಟೇ ಎಂಬ ಸಂದೇಹಕ್ಕೆ ಆ ಪ್ರಶಸ್ತಿ ಉತ್ತರ ನೀಡಿದೆ.

ಹಾಗೆಂದು ಮಾಯಾ ಬೇಡವೆನ್ನಲಾರೆ. ಡಾಲಸ್‌ನಲ್ಲಿದ್ದಾಗ ನಾನು ಗುತ್ತಿಗೆಯ ಮೇಲೆ ದುಡಿದ ಚಿಕ್ಕ ಸಂಸ್ಥೆಯಲ್ಲಿ ಎಲ್ಲ ಕೆಲಸವೂ ಮಾಯಾದಲ್ಲಿಯೇ ನಡೆಯುತ್ತಿತ್ತು. ದೊಡ್ಡ ಸ್ಟುಡಿಯೋಗಳ ಉದ್ಯೋಗ ಪ್ರಕಟಣೆಗಳಲ್ಲಿ ಅದರ ಹೆಸರು ಇಂದಿಗೂ ಕಾಣುತ್ತದೆ. ಅರ್ಹ ವಿದ್ಯಾರ್ಥಿಗಳಿಗೆ ಅದರ ಸಂಸ್ಥೆ ಶಿಕ್ಷಣದ ಪರವಾನಗಿಯನ್ನು ಉಚಿತವಾಗಿ ನೀಡುತ್ತದೆ, ಆದರೆ ಅದರಲ್ಲಿ ಮಾಡಿದ್ದನ್ನು ಮಾರುವಂತಿಲ್ಲ. ಜಾಲ ಕಟ್ಟುವ ವಿವೇಕ ಒಂದರಲ್ಲಿ ಬಂದರೆ ಇನ್ನೊಂದಕ್ಕೆ ದಾಟಲು ಕೆಲವು ವಾರಗಳು ಸಾಕು.

ಕಂಪ್ಯೂಟರ್ ಕೊಳ್ಳುವಾಗ ಒಂದು ಮಾತು ನೆನಪಿರಲಿ. ಡಾಜ್ ಸ್ಟುಡಿಯೋದ ಐರೇ ಎಂಬ ಚಿತ್ರಣ ಯಂತ್ರ ಎನ್ವಿಡಿಯಾ ಕಾರ್ಡ್‌ಗಳ ಮೇಲೆ ಮಾತ್ರ ವೇಗವಾಗಿ ಓಡುತ್ತದೆ. ಬ್ಲೆಂಡರ್ ಬೇರೆ ಕಂಪನಿಗಳ ಕಾರ್ಡ್‌ಗಳನ್ನೂ ಬಳಸಿಕೊಳ್ಳುತ್ತದೆ. ಸಾಫ್ಟ್‌ವೇರ್ ಯಾವುದೆಂದು ತೀರ್ಮಾನಿಸಿದ ಮೇಲೆಯೇ ಕಂಪ್ಯೂಟರ್ ಕೊಳ್ಳಿರಿ.

ವೀಸಾ ಎಂಬ ಅಳತೆಪಟ್ಟಿ

ವಿದೇಶಕ್ಕೆ ಬರಲು ಬಯಸುವವರು ಎಚ್ಚರಿಕೆಯಿಂದ ಓದಬೇಕಾದ ಭಾಗವಿದು. ನಾನು 2012ರಲ್ಲಿ ಹ್ಯೂಸ್ಟನ್‌ಗೆ ಬಂದದ್ದು ಎಚ್-4 ಅವಲಂಬಿತ ವೀಸಾದಲ್ಲಿ. ಆಗ ನನಗೆ ದುಡಿಯುವ ಅನುಮತಿ ಇರಲಿಲ್ಲ. ಮನೆಯಲ್ಲಿ ಕುಳಿತು ಕಲಿಯಲು ಯಾರ ಅಡ್ಡಿಯೂ ಇಲ್ಲ. ಆದರೆ ಮಾಡಿದ ಒಂದು ಬಳೆಯನ್ನು ಅಂತರಜಾಲದ ಮಾರುಕಟ್ಟೆಯಲ್ಲಿ ಮಾರಿ ಹಣ ಪಡೆಯುವುದೂ ಉದ್ಯೋಗವೆಂದು ಪರಿಗಣಿತವಾಗಬಹುದು. ಆ ವರ್ಷಗಳಲ್ಲಿ ನಾನು ಒಂದನ್ನೂ ಮಾರಲಿಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ನಿರ್ದಿಷ್ಟ ಹಂತ ದಾಟಿದ ಎಚ್-1ಬಿ ನೌಕರರ ಸಂಗಾತಿಗಳಿಗೆ ಕೆಲಸದ ಅನುಮತಿ ಪಡೆಯುವ ನಿಯಮ ಜಾರಿಗೆ ಬಂದದ್ದು 2015ರ ಮೇ 26ರಂದು. ನನ್ನ ಅನುಮತಿ ಪತ್ರ ಮರುವರ್ಷ ಕೈಸೇರಿತು. ಅಷ್ಟರಲ್ಲಿ ನನ್ನ ಬಳಿ ನಾಲ್ಕು ವರ್ಷಗಳ ಅಭ್ಯಾಸವಿತ್ತು.

ಎಫ್-1 ವಿದ್ಯಾರ್ಥಿಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಮಾಡಿದ ಚಿಕ್ಕ ಮಾರಾಟವೂ ವೀಸಾದ ಸ್ಥಿತಿಗೆ ಕುತ್ತು ತರಬಲ್ಲದು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಯಾವ ಮಾರುಕಟ್ಟೆಯಲ್ಲಿಯೂ ಮಾರಾಟಗಾರರಾಗಿ ನೋಂದಾಯಿಸಬೇಡಿ. ಓದಿನ ನಂತರ ದೊರೆಯುವ ಓಪಿಟಿ ಅವಧಿ ಸಾಮಾನ್ಯವಾಗಿ 12 ತಿಂಗಳು. ಸ್ಟೆಮ್ ಎಂದು ವರ್ಗೀಕರಿಸಿದ ಪದವಿಗಳಿಗೆ ಮತ್ತೆ 24 ತಿಂಗಳು ಸೇರುತ್ತದೆ. ಕಲೆ ಮತ್ತು ತಂತ್ರಜ್ಞಾನ ಬೆರೆತ ಪದವಿಗಳಲ್ಲಿ ಕೆಲವು ಈ ವರ್ಗಕ್ಕೆ ಸೇರುತ್ತವೆ, ಕೆಲವು ಸೇರುವುದಿಲ್ಲ. ಸಾಲ ಮಾಡುವ ಮೊದಲು ಪದವಿಯ ವರ್ಗೀಕರಣವನ್ನು ವಿಶ್ವವಿದ್ಯಾಲಯದಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ಎರಡು ವರ್ಷಗಳ ಈ ವ್ಯತ್ಯಾಸವೇ ಸಾಲ ತೀರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಟೆಕ್ಸಾಸ್‌ನಲ್ಲಿ ಕಲಿಯಲು ಒಳ್ಳೆಯ ಸ್ಥಳಗಳಿಗೆ ಕೊರತೆಯಿಲ್ಲ. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಗಿಲ್ಡ್‌ಹಾಲ್‌ನಲ್ಲಿ 2003ರಿಂದ ಆಟಗಳ ನಿರ್ಮಾಣವನ್ನು ಕಲಿಸುತ್ತಾರೆ. ಡಾಲಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅನಿಮೇಷನ್ ಮತ್ತು ಆಟಗಳ ಅಧ್ಯಯನವುಂಟು. ಡೆಂಟನ್ ಪಟ್ಟಣದಲ್ಲಿರುವ ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯದ ಟೆಕ್ಸಾಸ್ ಫ್ಯಾಷನ್ ಕಲೆಕ್ಷನ್ 1938ರಿಂದ ಬೆಳೆದುಬಂದ ಉಡುಪುಗಳ ಭಂಡಾರ. ಬಟ್ಟೆಯ ಒಳಹೊಲಿಗೆ ನೋಡಲು ಬಯಸುವವರಿಗೆ ಅದೊಂದು ತೀರ್ಥಕ್ಷೇತ್ರ.

ಉದ್ಯೋಗದ ಸ್ಥಿತಿ ಮಾತ್ರ ಇಂದು ಅಷ್ಟು ಭದ್ರವಾಗಿಲ್ಲ. ಆಸ್ಟಿನ್‌ನಲ್ಲಿ 2024ರ ಒಂದೇ ವರ್ಷದಲ್ಲಿ ಆರ್ಕೇನ್ ಆಸ್ಟಿನ್ ಸ್ಟುಡಿಯೋ ಮುಚ್ಚಿತು, ಅನಿಮೇಷನ್‌ಗೆ ಹೆಸರಾಗಿದ್ದ ರೂಸ್ಟರ್ ಟೀತ್ ಕೂಡ ಬಾಗಿಲು ಹಾಕಿತು. ಎಚ್-1ಬಿಯಲ್ಲಿರುವವರಿಗೆ ಕೆಲಸ ಹೋದರೆ ಹೊಸದನ್ನು ಹುಡುಕಲು ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಮನೆ, ಮಕ್ಕಳ ಶಾಲೆ, ಕಾರಿನ ಕಂತು ಎಲ್ಲವೂ ಆ 60 ದಿನಗಳೊಳಗೆ ತೀರ್ಮಾನವಾಗಬೇಕು. ನಮ್ಮ ಪರಿಚಯದ ಎರಡು ಕುಟುಂಬಗಳು ಹಾಗೆ ಊರಿಗೆ ಮರಳಿದವು. ಅವರು ಈಗ ಬೆಂಗಳೂರಿನಲ್ಲಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಆ ಎರಡು ತಿಂಗಳು ಹೇಗೆ ಕಳೆದವೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ.

ಅಣ್ಣನ ಮಗಳಿಗೆ ನಾನು ಹೇಳಿದ್ದು

ಒಂದು ವರ್ಷ ಊರಿನಲ್ಲಿಯೇ ಇದ್ದು ಬ್ಲೆಂಡರ್ ಕಲಿ ಎಂದು ಅವಳಿಗೆ ಬರೆದೆ. ಮೊದಲ ಮೂರು ತಿಂಗಳು ಅಡುಗೆಮನೆಯ ವಸ್ತುಗಳನ್ನು ಮಾಡು: ತಂಬಿಗೆ, ಒಳಕಲ್ಲು, ಈಳಿಗೆ. ಮುಂದಿನ ಮೂರು ತಿಂಗಳು ರವಿಕೆ, ಅಂಗಿ, ಪೇಟ. ಆಮೇಲೆ ಮಾರ್ವೆಲಸ್ ಡಿಸೈನರ್‌ನ ಪ್ರಯೋಗಾವಧಿಯನ್ನು ಬಳಸಿಕೊಂಡು ಒಂದು ಸೀರೆಯನ್ನು ಪೂರ್ತಿ ಉಡಿಸು. ಉಡಿಸಿದ ಆಕೃತಿ ನಡೆದಾಗ, ಕುಳಿತಾಗ, ಚಕ್ಕಳಮಕ್ಕಳ ಹಾಕಿದಾಗ ಬಟ್ಟೆ ದೇಹದೊಳಗೆ ತೂರದಿದ್ದರೆ ನಿನಗೆ ವಿದ್ಯೆ ಬಂದಿದೆಯೆಂದು ತಿಳಿ. ವರ್ಷದ ಕೊನೆಗೆ ತೋರಿಸಲು ಹತ್ತು ಒಳ್ಳೆಯ ಕೃತಿಗಳಿದ್ದರೆ ಅವುಗಳನ್ನು ನೋಡಿಯೇ ಮುಂದಿನ ಮಾತು.

ನಡುವೆ ಇಳಕಲ್‌ಗೊಮ್ಮೆ, ಗುಳೇದಗುಡ್ಡಕ್ಕೊಮ್ಮೆ ಹೋಗಿ ಮಗ್ಗದ ಬಳಿ ಕುಳಿತು ಬಾ ಎಂದೂ ಹೇಳಿದೆ. ಇಲ್ಲಿಯ ಕಲಾವಿದರಿಗೆ ಸಾಫ್ಟ್‌ವೇರ್ ನಮಗಿಂತ ಚೆನ್ನಾಗಿ ಬರುತ್ತದೆ. ಸೆರಗಿನ ಕೊಂಡಿ ಹೇಗೆ ಬೀಳುತ್ತದೆ, ಕಚ್ಚೆಯ ತುದಿ ಎಲ್ಲಿ ಸಿಕ್ಕಿಸುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲ. ನೇಕಾರರ ವಿನ್ಯಾಸ ಬಳಸುವಾಗ ಅವರ ಒಪ್ಪಿಗೆ ಕೇಳು, ಊರಿನ ಹೆಸರು ಹಾಕು ಎಂಬುದನ್ನೂ ಸೇರಿಸಿದೆ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ; ಪರದೆಯ ಮೇಲಿನ ಸೀರೆಯಿಂದ ಮಗ್ಗದ ಮನೆಗೆ ಏನೂ ತಲುಪದಿದ್ದರೆ ಕನಿಷ್ಠ ಹೆಸರಾದರೂ ತಲುಪಲಿ.

ಅಣ್ಣನಿಗೆ ಬೇರೆ ಪತ್ರ ಬರೆದೆ. ಹೊಲದ ಪತ್ರಗಳನ್ನು ಸದ್ಯ ಪೆಟ್ಟಿಗೆಯೊಳಗೇ ಇಡು, ಮಗಳಿಗೆ ಎನ್ವಿಡಿಯಾ ಕಾರ್ಡ್ ಇರುವ ಒಂದು ಕಂಪ್ಯೂಟರ್ ಕೊಡಿಸು ಎಂದೆ. ಬೆಂಗಳೂರಿನಲ್ಲಿಯೂ ಆಟಗಳ ಸ್ಟುಡಿಯೋಗಳಿವೆ. ಸಿದ್ಧ ಉಡುಪಿನ ಉದ್ಯಮದಲ್ಲಿಯೂ ಕ್ಲೋ ಸಂಸ್ಥೆಯ ಸಾಫ್ಟ್‌ವೇರ್ ಬಲ್ಲವರಿಗೆ ಕೆಲಸವುಂಟು. ವರ್ಷದ ನಂತರ ಅವಳು ಅಮೆರಿಕಕ್ಕೆ ಬರಲೇಬೇಕೆಂದರೆ ಆಗ ಅವಳ ಕೈಯಲ್ಲಿ ವಿದ್ಯೆಯಿರುತ್ತದೆ, ವಿದ್ಯಾರ್ಥಿವೇತನ ಕೇಳಲು ಹತ್ತು ಕೃತಿಗಳಿರುತ್ತವೆ. ಬರದಿದ್ದರೂ ಕಲಿತದ್ದು ಕೈಬಿಡುವುದಿಲ್ಲ.

ಕಳೆದ ವಾರ ಅವಳಿಂದ ಮೊದಲ ಚಿತ್ರ ಬಂದಿತು. ಹಿತ್ತಾಳೆಯ ತಂಬಿಗೆ; ಕಂಠದ ಬಳಿ ಜಾಲ ಸ್ವಲ್ಪ ಸೊಟ್ಟಗಿದೆ, ಅಂಚುಗಳನ್ನು ಮಾತ್ರ ದುಂಡಗೆ ಉಜ್ಜಿದ್ದಾಳೆ. ಅದನ್ನು ಅತ್ತೆಯವರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, ಇದು ನಮ್ಮ ಮನೆಯ ಹಳೆಯ ತಂಬಿಗೆಯಂತೆಯೇ ಇದೆ ಎಂದರು.